ತಾತ ಹತ್ತಿದ್ದು ಯಾವ ವಿಮಾನ?

1/8 📷

ಈ ಸಲದ ಸರಣಿ ನಮ್ಮ ಮನೆ ಆಲ್ಬಮ್‌ನ ಒಂದು ಫೋಟೋದಿಂದ ಶುರು. ಮೊದಲನೇ ಸ್ಲೈಡ್ ನೋಡಿ. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವಲ್. ಅದು ನಮ್ಮ ತಾತ. ಹಿಂದೆ ಒಂದು ವಿಮಾನದ ಬಾಲ, ಪೂರ್ತಿ ಕೆಂಪು, ಅದರ ಮೇಲೆ ಹಾರುವ ಹಕ್ಕಿ. ಮೂಲೆಯಲ್ಲಿ ಕ್ಯಾಮೆರಾ ತಾನೇ ಹಾಕಿರೋ ತಾರೀಖು: 2007, ಡಿಸೆಂಬರ್. ಜಾಗ ಮುಂಬೈ. ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿದ್ರು. ಊರಿಗೆ ಬಂದವರು ವಾಪಸ್ ಹೋಗುವಾಗ ತಾತನನ್ನೂ ಬೆಂಗಳೂರಿಂದ ವಿಮಾನ ಹತ್ತಿಸಿಕೊಂಡು ಹೋಗಿದ್ರು. ಇಳಿದ ತಕ್ಷಣ, "ಇಲ್ಲಿ ಫೋಟೋ ತೆಗೀಬೇಡಿ" ಅಂತ ಯಾರೋ ಹೇಳೋದ್ರೊಳಗೆ ಒಂದೇ ಒಂದು ಹೊಡೆದಿದ್ದಾರೆ. ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಆವಾಗ ವಿಮಾನ ಹತ್ತಿದವರು ಅಂತ ಬೇರೆ ಯಾರೂ ಇರ್ಲಿಲ್ಲ. ತೆಂಗಿನಕಾಯಿ ಸುಲಿಯೋ ಕಡೆ, ಕೊಬ್ಬರಿ ಒಣಗಿಸೋ ಕಡೆ, ಎಲ್ಲಾ ಕಡೆ ಇದೇ ಕಥೆ ಹೇಳಿದ್ದಾರಂತೆ.

ಜಗಳ ಇರೋದು ಇಲ್ಲಿ. ತಾತ ಹೇಳೋದು, "ನಾನು ಹೋಗಿದ್ದು ಡೆಕ್ಕನ್ ವಿಮಾನದಲ್ಲಿ". ಫೋಟೋದಲ್ಲಿ ಇರೋದು ಕಿಂಗ್‌ಫಿಷರ್ ಹಕ್ಕಿ. ಹೋದ ವರ್ಷದಿಂದ ತಾತನಿಗೆ ಸ್ವಲ್ಪ ಮರೆವು ಶುರುವಾಗಿದೆ. ಔಷಧಿ ತಗೊಂಡ್ರಾ ಇಲ್ವಾ ಅನ್ನೋದು ನೆನಪಿರಲ್ಲ. ಹಾಗಾಗಿ ಮನೆಯಲ್ಲಿ ಈಗ ಅವರು ಏನೇ ಹೇಳಿದ್ರೂ "ಹ್ಞೂಂ ಹ್ಞೂಂ" ಅಂದುಬಿಡೋದು ಅಭ್ಯಾಸ ಆಗಿದೆ. ಯುಗಾದಿ ದಿನ ಆಲ್ಬಮ್ ತೆಗೆದಾಗ ಎಲ್ಲರೂ ನಕ್ಕರು. "ನೋಡಿ, ಅದನ್ನೂ ಮರೆತಿದ್ದಾರೆ." ತಾತ ಏನೂ ಮಾತಾಡ್ಲಿಲ್ಲ. ಟವಲ್ ಹೆಗಲಿಗೆ ಹಾಕ್ಕೊಂಡು ಜಗುಲಿಗೆ ಹೋಗಿ ಕೂತರು.

ನಂಗೆ ಆ ನಗು ಹಿಡಿಸ್ಲಿಲ್ಲ. ಅದಕ್ಕೆ ಹುಡುಕೋಕೆ ಕೂತೆ.

2/8 🔎

ವಿಮಾನ ನೋಡೋದನ್ನೇ ಹವ್ಯಾಸ ಮಾಡ್ಕೊಂಡಿರೋ ಜನ ಇದ್ದಾರೆ, ಗೊತ್ತಾ? ರನ್‌ವೇ ಬೇಲಿ ಹತ್ತಿರ ಉದ್ದ ಲೆನ್ಸ್ ಇಟ್ಕೊಂಡು ಬಿಸಿಲಲ್ಲಿ ನಿಂತಿರ್ತಾರೆ. ಹೊಸ ವಿಮಾನ ಬಂತು ಅಂದ್ರೆ ಅವರ ಮೊದಲ ಪ್ರಶ್ನೆ, ಬಣ್ಣ ಯಾಕೆ ಹೀಗಿದೆ? ನಿನ್ನೆ ಒಂದು ಥರ, ಇವತ್ತು ಇನ್ನೊಂದು ಥರ. ಬಾಲ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು. ಆದ್ರೆ ಅವರು ಬಣ್ಣವನ್ನ ಪೂರ್ತಿ ನಂಬಲ್ಲ. ಅವರು ನಂಬೋದು ರಿಜಿಸ್ಟ್ರೇಷನ್ ಅಕ್ಷರಗಳನ್ನ.

ಇದನ್ನ ನಮ್ಮ ಕಡೆ ಭಾಷೆಯಲ್ಲಿ ಹೇಳ್ತೀನಿ. ಹೊಸದುರ್ಗ ಕಡೆ ಪ್ರೈವೇಟ್ ಬಸ್ ಒಬ್ಬ ಮಾಲೀಕರಿಂದ ಇನ್ನೊಬ್ಬರಿಗೆ ಹೋಗುತ್ತೆ. ಹೊಸ ಮಾಲೀಕರು ಮೊದಲು ಮಾಡೋ ಕೆಲಸ, ಮುಂದಿನ ಗಾಜಿನ ಮೇಲಿರೋ ದೇವರ ಹೆಸರು ಬದಲಾಯಿಸೋದು. ಅವರ ಮನೆದೇವ್ರ ಹೆಸರು ಬರುತ್ತೆ, ಹೊಸ ಪೇಂಟ್ ಬರುತ್ತೆ. ಆದ್ರೆ ಕೆಎ-16 ಇಂದ ಶುರುವಾಗೋ ನಂಬರ್ ಪ್ಲೇಟ್ ಅದೇ ಇರುತ್ತೆ. ದಿನಾ ಓಡಾಡೋ ನಮಗೆ ಪ್ಲೇಟ್ ನೋಡಿದ ತಕ್ಷಣ ಗೊತ್ತಾಗುತ್ತೆ, "ಓ, ಇದು ಆ ಹಳೇ ಬಸ್ಸೇ".

ವಿಮಾನಕ್ಕೂ ಹಾಗೇ. ಭಾರತದಲ್ಲಿ ನೋಂದಣಿಯಾದ ವಿಮಾನಗಳ ಮೇಲೆಲ್ಲ ವಿಟಿ ಅಂತ ಇರುತ್ತೆ, ಆಮೇಲೆ ಒಂದು ಗೆರೆ, ಆಮೇಲೆ ಮೂರು ಅಕ್ಷರ. ವಿಟಿ ಅಂದ್ರೆ "ವೈಸರಾಯ್ ಟೆರಿಟರಿ" ಅಂತ ಒಂದು ಜನಪ್ರಿಯ ಕಥೆ ಇದೆ. ನಿಜ ಏನಂದ್ರೆ, ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ವಿ ಇಂದ ಶುರುವಾಗೋ ಅಕ್ಷರಗಳನ್ನ ಹಂಚಿದ್ರು, ನಮಗೆ ವಿಟಿ ಬಂತು. ಆಸ್ಟ್ರೇಲಿಯಾಕ್ಕೆ ಇವತ್ತಿಗೂ ವಿಎಚ್ ಇದೆ.

ಉಳಿದ ಮೂರು ಅಕ್ಷರಗಳಲ್ಲಿ ಕಂಪನಿಗಳು ತಮ್ಮ ಹೆಸರಿನ ಸುಳಿವು ಇಡೋಕೆ ಇಷ್ಟಪಡ್ತಾರೆ. ಕಿಂಗ್‌ಫಿಷರ್ ಶುರುವಿನಲ್ಲಿ ತಂದ ಎ320ಗಳು ವಿಟಿ-ಕೆಎಫ್ ಸಾಲಿನವು. ಏರ್ ಡೆಕ್ಕನ್ ವಿಮಾನಗಳಲ್ಲಿ ವಿಟಿ-ಎಡಿ, ವಿಟಿ-ಡಿಕೆ ಅಂತೆಲ್ಲ ಇತ್ತು. ಇದನ್ನ ನೆನಪಿಟ್ಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

3/8 💙💛

ಮೊದಲು ನೀಲಿ-ಹಳದಿ ಕಥೆ.

ಏರ್ ಡೆಕ್ಕನ್ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದವರು. ಸೈನ್ಯದಲ್ಲಿದ್ದರು, 1971ರ ಯುದ್ಧ ನೋಡಿದವರು. ಆಮೇಲೆ ಸೈನ್ಯ ಬಿಟ್ಟು ಹಾಸನ ಜಿಲ್ಲೆಯಲ್ಲೇ ಜಮೀನು ಮಾಡಿದ್ರು, ರೇಷ್ಮೆ ಬೆಳೆದ್ರು. 1990ರ ದಶಕದ ಕೊನೆಯಲ್ಲಿ ಡೆಕ್ಕನ್ ಏವಿಯೇಷನ್ ಅಂತ ಹೆಲಿಕಾಪ್ಟರ್ ಕಂಪನಿ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್. ಸೂರ್ಯ ನಟಿಸಿದ "ಸೂರರೈ ಪೋಟ್ರು" (2020) ಸಿನಿಮಾ ನೋಡಿದ್ರೆ, ಅದಕ್ಕೆ ಪ್ರೇರಣೆ ಇವರ ಆತ್ಮಕಥೆಯೇ.

ಶುರು ಮಾಡಿದ್ದು ರೆಕ್ಕೆ ಮೇಲೆ ಫ್ಯಾನ್ ತಿರುಗೋ ಎಟಿಆರ್ ವಿಮಾನಗಳಿಂದ. 50ರ ಒಳಗೆ ಸೀಟು. ದೊಡ್ಡ ಕಂಪನಿಗಳು ದೆಹಲಿ-ಮುಂಬೈ ಅಂತಿದ್ದಾಗ ಇವರು ಹುಬ್ಬಳ್ಳಿ, ಮಂಗಳೂರು, ವಿಜಯವಾಡ ಅಂದ್ರು. ಆಮೇಲೆ 180 ಸೀಟಿನ ಎ320 ಬಂತು. ಒಂದು ರೂಪಾಯಿ ಟಿಕೆಟ್ (ತೆರಿಗೆ ಬೇರೆ) ಅಂತ ಸುದ್ದಿಯಾಯ್ತು. ಊಟ ಬೇಕಂದ್ರೆ ದುಡ್ಡು ಕೊಟ್ಟು ತಗೋಬೇಕು. 2007ರ ಹೊತ್ತಿಗೆ 60ಕ್ಕೂ ಹೆಚ್ಚು ಊರುಗಳಿಗೆ ಹೋಗ್ತಿತ್ತು.

ಅವರ ಬಣ್ಣದಲ್ಲೂ ಅದೇ ಮಾತಿತ್ತು. ನೀಲಿ, ಹಳದಿ, ಎರಡು ಅಂಗೈ ಜೋಡಿಸಿದ್ರೆ ಹಕ್ಕಿ ಹಾರೋ ಹಾಗೆ ಕಾಣೋ ಗುರುತು. ಜೊತೆಗೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದ ಶ್ರೀಸಾಮಾನ್ಯ. ಪಂಚೆ, ಚೌಕಳಿ ಕೋಟು, ಕನ್ನಡಕ. ದಿನಪತ್ರಿಕೆ ಮೂಲೆಯಲ್ಲಿ ನಿಂತು ಎಲ್ಲಾ ನೋಡ್ತಿದ್ದ ಆ ಮನುಷ್ಯನೇ ಈ ಕಂಪನಿಯ ಮುಖ.

ಆ ಶ್ರೀಸಾಮಾನ್ಯನ ಪಂಚೆ ನೋಡಿದಾಗ ನಂಗೆ ತಾತನ ಫೋಟೋ ನೆನಪಾಯ್ತು. ಪಂಚೆ ಉಟ್ಕೊಂಡು ವಿಮಾನ ಹತ್ತಬಹುದು ಅಂತ ಹೇಳಿದ ಕಂಪನಿ ಅದು.

4/8 ❤️

ಈಗ ಕೆಂಪು ಕಥೆ.

ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರೋಕೆ ಶುರು ಮಾಡಿದ್ದು 2005ರ ಮೇ 9ಕ್ಕೆ. (ನಾನು ಹುಟ್ಟಿದ ವರ್ಷ 😅) ಅದೂ ಬೆಂಗಳೂರಿನದ್ದೇ. ವಿಜಯ್ ಮಲ್ಯ ಅವರ ಯುಬಿ ಗುಂಪಿನದು. ಸೀಟಿಗೊಂದು ಟೀವಿ, ಬಿಸಿ ಊಟ, ಕೆಂಪು ಯೂನಿಫಾರ್ಮ್. ಒಂದೇ ನಗರದಲ್ಲಿ ಎರಡು ಕಂಪನಿ, ಒಬ್ಬರು "ಎಲ್ಲರೂ ಬನ್ನಿ" ಅನ್ನೋರು, ಇನ್ನೊಬ್ಬರು "ರಾಜನ ಥರ ಬನ್ನಿ" ಅನ್ನೋರು.

ಡೆಕ್ಕನ್ ಬೆಳೀತಾ ಇತ್ತು, ಆದ್ರೆ ನಷ್ಟವೂ ಬೆಳೀತಾ ಇತ್ತು. 2006ರ ಮೇನಲ್ಲಿ ಷೇರು ಮಾರೋಕೆ ಬಂದಾಗ ಷೇರುಪೇಟೆಯೇ ಕುಸಿದಿತ್ತು. ದುಡ್ಡು ಬೇಕಿತ್ತು. 2007ರ ಮೇ ಕೊನೆಯಲ್ಲಿ ಯುಬಿ ಗುಂಪು ಸುಮಾರು ₹550 ಕೋಟಿಗೆ ಡೆಕ್ಕನ್‌ನ 26% ಪಾಲು ತಗೊಳ್ಳೋದು ಅಂತ ಮಾತಾಯ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಬಣ್ಣ ಬದಲು. ಹೆಸರು "ಸಿಂಪ್ಲಿಫ್ಲೈ ಡೆಕ್ಕನ್" ಆಯ್ತು. ನೀಲಿ-ಹಳದಿ ಹೋಗಿ ಕೆಂಪು-ಬಿಳಿ ಬಂತು. ಅಂಗೈ ಗುರುತು ಹೋಗಿ ಕಿಂಗ್‌ಫಿಷರ್‌ನ ಹಕ್ಕಿ ಬಂತು. "ಡೆಕ್ಕನ್" ಅಂತ ಬರೆಯೋ ಅಕ್ಷರದ ಶೈಲಿ ಕೂಡ ಕಿಂಗ್‌ಫಿಷರ್‌ದೇ ಆಯ್ತು. ಶ್ರೀಸಾಮಾನ್ಯನಿಗೆ ಹೊಸ ಬಣ್ಣದಲ್ಲಿ ಜಾಗ ಸಿಗ್ಲಿಲ್ಲ.

ಆವಾಗ ವಿಮಾನ ನೋಡೋರಿಗೆ ತಲೆ ಕೆಟ್ಟಿರಬೇಕು. ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಲ್ಲಿ ಒಂದೇ ಸಾಲಲ್ಲಿ ಮೂರು ಥರ ನಿಂತಿರೋದು ಸಾಧ್ಯ ಇತ್ತು. ನೀಲಿ-ಹಳದಿ ಡೆಕ್ಕನ್, ಕೆಂಪು ಡೆಕ್ಕನ್, ಕೆಂಪು ಕಿಂಗ್‌ಫಿಷರ್. ದೂರದಿಂದ ಎರಡನೇದು ಮೂರನೇದು ಒಂದೇ ಥರ. ಆಮೇಲೆ 2008ರ ಆಗಸ್ಟ್ ಕೊನೆಯಲ್ಲಿ "ಡೆಕ್ಕನ್" ಅನ್ನೋ ಪದವೂ ಹೋಗಿ "ಕಿಂಗ್‌ಫಿಷರ್ ರೆಡ್" ಆಯ್ತು. ಒಂದೇ ವಿಮಾನ, ಒಂದು ವರ್ಷದೊಳಗೆ ಮೂರು ಹೆಸರು.

5/8 🎨

"ಎಲ್ಲಾ ವಿಮಾನಕ್ಕೂ ಒಂದೇ ದಿನ ಬಣ್ಣ ಬಳಿದುಬಿಡಬಹುದಿತ್ತಲ್ಲ?" ಅಂತ ನನ್ನ ಗೆಳತಿ ಕೇಳಿದ್ಲು. ಒಳ್ಳೇ ಪ್ರಶ್ನೆ.

ಆಗಲ್ಲ. ಎ320 ಅಂತ ಒಂದು ವಿಮಾನಕ್ಕೆ ಪೂರ್ತಿ ಬಣ್ಣ ಬದಲಾಯಿಸೋಕೆ ವಾರದಿಂದ ಹತ್ತು ದಿನ ಬೇಕು. ಮೊದಲು ತೊಳೀಬೇಕು. ಕಿಟಕಿ, ಸಂವೇದಕ, ಗಾಳಿ ಒತ್ತಡ ಅಳೆಯೋ ಸಣ್ಣ ರಂಧ್ರ, ಎಲ್ಲಾ ಮುಚ್ಚಬೇಕು. ಹಳೇ ಬಣ್ಣ ರಾಸಾಯನಿಕ ಹಾಕಿ ಕರಗಿಸಬೇಕು ಇಲ್ಲಾ ಉಜ್ಜಿ ತೆಗೀಬೇಕು. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅಚ್ಚು ಇಟ್ಟು ಗುರುತು ಮತ್ತು ಹೆಸರು, ಕೊನೆಗೆ ಹೊಳಪಿನ ಪದರ. ಪ್ರತಿ ಪದರವೂ ಒಣಗಬೇಕು. ಮುಚ್ಚಿದ್ದನ್ನ ಮರೆಯದೆ ಬಿಚ್ಚಬೇಕು. 1996ರ ಅಕ್ಟೋಬರ್‌ನಲ್ಲಿ ಪೆರು ದೇಶದಲ್ಲಿ ವಿಮಾನ ತೊಳೆದು ಒರೆಸುವಾಗ ಆ ರಂಧ್ರಗಳಿಗೆ ಹಾಕಿದ್ದ ಟೇಪ್ ಹಾಗೇ ಉಳಿದು, ಪೈಲಟ್‌ಗೆ ಎತ್ತರ-ವೇಗ ಎರಡೂ ತಪ್ಪು ತೋರಿಸಿ, 70 ಜನ ಸತ್ತರು. ಬರೀ ಒಂದು ಟೇಪು.

ತೂಕದ ಲೆಕ್ಕವೂ ಇದೆ. ದೊಡ್ಡ ವಿಮಾನದ ಮೈಮೇಲಿನ ಬಣ್ಣವೇ ನೂರಾರು ಕಿಲೋ ತೂಗುತ್ತೆ. ಬಾಲದ ಹಿಂದೆ ಆಡೋ ರಡ್ಡರ್‌ಗೆ ಬಣ್ಣ ಬಳಿದ್ರೆ ಅದರ ಸಮತೋಲನ ಮತ್ತೆ ನೋಡ್ಬೇಕು. ಅದಕ್ಕೇ ಹೊಸ ವಿಮಾನ ತಯಾರಾಗುವಾಗ ಬಾಲಕ್ಕೆ ಮೊದಲೇ ಬಣ್ಣ ಹಾಕಿ ಜೋಡಿಸ್ತಾರೆ. ಮೈಯೆಲ್ಲ ಹಸಿರು ಪ್ರೈಮರ್, ಬಾಲ ಮಾತ್ರ ಬಣ್ಣಬಣ್ಣ. ಕಾರ್ಖಾನೆ ಬೇಲಿ ಹೊರಗೆ ನಿಂತೋರು ಆ ಬಾಲ ನೋಡಿ "ಇದು ಇಂಥವರಿಗೆ ಹೋಗೋದು" ಅಂತಾರೆ.

ಇನ್ನು ದುಡ್ಡಿನ ಮಾತು, ನಮ್ಮ ಸಬ್ಜೆಕ್ಟು 😄 ಬಣ್ಣದ ಖರ್ಚು ಒಂದು ಕಡೆ. ಹತ್ತು ದಿನ ವಿಮಾನ ಒಳಗೆ ನಿಂತ್ರೆ ಟಿಕೆಟ್ ದುಡ್ಡು ಬರಲ್ಲ, ಬಾಡಿಗೆ ಮಾತ್ರ ಕಟ್ಟಬೇಕು. ಹಾಗಾಗಿ ದೊಡ್ಡ ರಿಪೇರಿಗೆ ನಿಂತಾಗಲೇ ಬಣ್ಣವನ್ನೂ ಮುಗಿಸ್ತಾರೆ, ಒಂದೊಂದಾಗಿ. ಅಲ್ಲೀವರೆಗೂ ಹಳೇ ಹೊಸ ಬಣ್ಣ ಬೆರೆತೇ ಓಡ್ತವೆ.

6/8 📒

ಈ ಭಾಗ ಬಿಕಾಂ ಓದೋರಿಗೆ ತುಂಬಾ ಇಷ್ಟ ಆಗುತ್ತೆ, ಗ್ಯಾರಂಟಿ.

ಕಿಂಗ್‌ಫಿಷರ್‌ಗೆ ಡೆಕ್ಕನ್ ಯಾಕೆ ಬೇಕಿತ್ತು? ವಿಮಾನ, ಪೈಲಟ್, ನಿಲ್ದಾಣದಲ್ಲಿ ಜಾಗ, ಎಲ್ಲಾ ಬೇಕಿತ್ತು, ನಿಜ. ಆದ್ರೆ ಇನ್ನೊಂದು ಇತ್ತು: ವಯಸ್ಸು. ಆಗಿನ ನಿಯಮದ ಪ್ರಕಾರ ಭಾರತದ ಕಂಪನಿ ವಿದೇಶಕ್ಕೆ ಹಾರಬೇಕಂದ್ರೆ ದೇಶದೊಳಗೆ 5 ವರ್ಷ ಹಾರಿರಬೇಕು, 20 ವಿಮಾನ ಇರಬೇಕು. (ಈ ನಿಯಮದ 5 ವರ್ಷದ ಷರತ್ತು ಹೋಗಿದ್ದು 2016ರಲ್ಲಿ.) ಕಿಂಗ್‌ಫಿಷರ್ ಹುಟ್ಟಿದ್ದು 2005ರ ಮೇ, ಅಂದ್ರೆ 2010ರವರೆಗೂ ಕಾಯಬೇಕು. ಡೆಕ್ಕನ್ ಹುಟ್ಟಿದ್ದು 2003ರ ಆಗಸ್ಟ್, ಅಂದ್ರೆ 2008ರ ಆಗಸ್ಟ್‌ಗೆ 5 ವರ್ಷ ತುಂಬುತ್ತೆ.

ಈಗ ಏನ್ ಮಾಡ್ತೀರ? ಡೆಕ್ಕನ್ ಅನ್ನ ಕಿಂಗ್‌ಫಿಷರ್ ಒಳಗೆ ಸೇರಿಸಿದ್ರೆ ಡೆಕ್ಕನ್‌ನ ವಯಸ್ಸು ಕಳೆದುಹೋಗುತ್ತೆ. ಅದಕ್ಕೆ ಉಲ್ಟಾ ಮಾಡಿದ್ರು. ಕಿಂಗ್‌ಫಿಷರ್‌ನ ವಿಮಾನ ವ್ಯವಹಾರವನ್ನ ಡೆಕ್ಕನ್ ಏವಿಯೇಷನ್ ಲಿಮಿಟೆಡ್ ಒಳಗೆ ಸೇರಿಸಿದ್ರು, ಆಮೇಲೆ ಆ ಡೆಕ್ಕನ್ ಏವಿಯೇಷನ್‌ನ ಹೆಸರನ್ನೇ ಕಿಂಗ್‌ಫಿಷರ್ ಏರ್‌ಲೈನ್ಸ್ ಲಿಮಿಟೆಡ್ ಅಂತ ಬದಲಾಯಿಸಿದ್ರು. 2008ರ ಸೆಪ್ಟೆಂಬರ್ 3ಕ್ಕೆ ಬೆಂಗಳೂರು-ಲಂಡನ್ ವಿಮಾನ ಹಾರಿತು. ಡೆಕ್ಕನ್‌ಗೆ 5 ವರ್ಷ ತುಂಬಿದ ಕೆಲವೇ ದಿನಕ್ಕೆ.

ನಿಧಾನವಾಗಿ ಇನ್ನೊಂದ್ಸಲ ಓದಿ. ಬಣ್ಣದಲ್ಲಿ ಕಿಂಗ್‌ಫಿಷರ್ ಡೆಕ್ಕನ್ ಅನ್ನ ನುಂಗಿತ್ತು. ಕಾಗದದಲ್ಲಿ ಡೆಕ್ಕನ್ ಕಿಂಗ್‌ಫಿಷರ್ ಅನ್ನ ನುಂಗಿತ್ತು. ಮನೆಗೆ ಅಳಿಯ ಬಂದು, ಮನೆ ಹೆಸರನ್ನೇ ಅಳಿಯನ ಹೆಸರಿಗೆ ಬದಲಾಯಿಸಿದ ಹಾಗೆ. ಪಾಯ ಮಾತ್ರ ಮಾವನದ್ದೇ.

ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ ವಿಲೀನ ಅಂತ ಓದುವಾಗ ಬರೀ ಜರ್ನಲ್ ಎಂಟ್ರಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಯಾರು ಯಾರೊಳಗೆ ಸೇರಿದ್ರು ಅನ್ನೋ ಒಂದು ಸಾಲಿಗೆ ಇಷ್ಟು ಬೆಲೆ ಇರುತ್ತೆ ಅಂತ ಈಗ ಅರ್ಥ ಆಯ್ತು.

7/8 ✈️

ಬಣ್ಣ ಬಳಿದೂ ಮನೆಗೆ ಬಾರದ ವಿಮಾನದ ಕಥೆ ಗೊತ್ತಾ?

ಕಿಂಗ್‌ಫಿಷರ್ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರವಾಗಿ ಹಾರಬೇಕು ಅಂತ ಎ340-500 ಅನ್ನೋ ನಾಲ್ಕು ಎಂಜಿನ್ನಿನ, ತುಂಬಾ ದೂರ ಹೋಗೋ ವಿಮಾನಕ್ಕೆ ಆರ್ಡರ್ ಕೊಟ್ಟಿತ್ತು. ಫ್ರಾನ್ಸಿನ ಟುಲೂಸ್‌ನಲ್ಲಿ ತಯಾರಾದ ಹೊಚ್ಚ ಹೊಸ ವಿಮಾನಕ್ಕೆ ಕಿಂಗ್‌ಫಿಷರ್‌ನ ಕೆಂಪು ಬಣ್ಣವೂ ಬಿತ್ತು. ಆದ್ರೆ 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರ್ ದಾಟಿತು. ನಾಲ್ಕು ಎಂಜಿನ್ನಿಗೆ ಎಣ್ಣೆ ಹಾಕೋದು ಯಾರು? ವಿಮಾನ ಬೆಂಗಳೂರಿಗೆ ಬರಲೇ ಇಲ್ಲ. ಎರಡು ಎ340-500ಗಳು ಬಣ್ಣ ಬದಲಾಯಿಸ್ಕೊಂಡು ನೈಜೀರಿಯಾದ ಅರಿಕ್ ಏರ್ ಕಂಪನಿಗೆ ಹೋದವು. ಹೊಸ ವಿಮಾನದ ಬಣ್ಣ ಯಾಕೆ ಬದಲಾಯ್ತು ಅಂತ ತಲೆ ಕೆಡಿಸ್ಕೊಂಡೋರಿಗೆ ಉತ್ತರ ತೈಲದ ಬೆಲೆಯಲ್ಲಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತು. ಕಿಂಗ್‌ಫಿಷರ್ ಒಂದೇ ಒಂದು ವರ್ಷವೂ ಲಾಭ ತೋರಿಸಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಕಡಿಮೆ ದರದ "ರೆಡ್" ಮುಚ್ಚೋದಾಗಿ ಹೇಳಿದ್ರು. ಅಲ್ಲಿಗೆ ಶ್ರೀಸಾಮಾನ್ಯನ ವಿಮಾನದ ಕೊನೇ ಗುರುತೂ ಹೋಯ್ತು. 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ, ಅವರು ಕೆಲಸ ನಿಲ್ಲಿಸಿ ಕೂತರು. 2012ರ ಅಕ್ಟೋಬರ್ 20ಕ್ಕೆ ಡಿಜಿಸಿಎ ಪರವಾನಗಿ ಅಮಾನತು ಮಾಡಿತು. ಬಾಡಿಗೆಗೆ ಕೊಟ್ಟವರು ತಮ್ಮ ವಿಮಾನ ವಾಪಸ್ ಕೇಳಿದ್ರು.

ಬಣ್ಣದ ಕೊನೇ ಲೆಕ್ಕ ಇಲ್ಲಿದೆ. ಹಕ್ಕಿ, ಹೆಸರು, ಘೋಷವಾಕ್ಯ, ಇವೆಲ್ಲ ಸೇರಿ ಬ್ರಾಂಡ್. ಅದಕ್ಕೆ ಒಂದು ಕಾಲದಲ್ಲಿ ₹4,000 ಕೋಟಿಗೂ ಹೆಚ್ಚು ಬೆಲೆ ಕಟ್ಟಿದ್ರು, ಬ್ಯಾಂಕುಗಳು ಅದನ್ನ ಅಡಮಾನವಾಗಿ ಇಟ್ಕೊಂಡು ಸಾಲ ಕೊಟ್ಟಿದ್ವು. 2016ರ ಏಪ್ರಿಲ್ 30ಕ್ಕೆ ಅದೇ ಬ್ರಾಂಡನ್ನ ₹366.70 ಕೋಟಿಗೆ ಹರಾಜಿಗಿಟ್ರು. ಒಬ್ಬರೂ ಕೂಗಲಿಲ್ಲ.

ನಮ್ಮಲ್ಲಿ ಬಂಗಾರ ಅಡ ಇಡ್ತಾರೆ, ಜಮೀನು ಅಡ ಇಡ್ತಾರೆ. ಬಂಗಾರ ಕರಗಿಸಿದ್ರೂ ಬಂಗಾರವೇ. ಬಣ್ಣ ಹಾಗಲ್ಲ. ವಿಮಾನ ಹಾರ್ತಿದ್ರೆ ಮಾತ್ರ ಅದಕ್ಕೆ ಬೆಲೆ.

8/8 👴🏽

ಈಗಲೂ ಇದೇ ಆಟ ನಡೀತಿದೆ. 2023ರ ಆಗಸ್ಟ್ 10ಕ್ಕೆ ಏರ್ ಇಂಡಿಯಾ ಹೊಸ ಬಣ್ಣ ತೋರಿಸಿತು. ಆ ಬಣ್ಣದ ಮೊದಲ ಎ350 ಅದೇ ಡಿಸೆಂಬರ್‌ನಲ್ಲಿ ದೆಹಲಿಗೆ ಬಂತು. ಪಕ್ಕದಲ್ಲೇ ಹಳೇ ಬಣ್ಣದವು ಹಾರ್ತಾನೇ ಇದ್ದವು. 2024ರ ನವೆಂಬರ್ 12ಕ್ಕೆ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಯ್ತು. ಟಿಕೆಟ್ ಏರ್ ಇಂಡಿಯಾದ್ದು, ಎದುರು ನಿಂತಿರೋ ವಿಮಾನದ ಬಾಲ ನೇರಳೆ. 20 ವರ್ಷ ಆದಮೇಲೆ ಯಾರದೋ ಮನೆಯಲ್ಲಿ ಇಂಥದ್ದೇ ಜಗಳ ಆಗುತ್ತೆ ನೋಡ್ತಿರಿ.

ಸರಿ, ನಮ್ಮ ಮನೆ ಜಗಳಕ್ಕೆ ಬರೋಣ.

ಕೊನೇ ಸ್ಲೈಡ್ ನೋಡಿ. ಫೋಟೋನ ಕಾಲೇಜ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿದೆ. ತಾತನ ಎಡ ಹೆಗಲ ಮೇಲೆ, ಟವಲ್ ಪಕ್ಕ, ವಿಮಾನದ ಹಿಂಭಾಗದಲ್ಲಿ ಸಣ್ಣ ಅಕ್ಷರ ಕಾಣುತ್ತೆ. ವಿಟಿ, ಗೆರೆ, ಡಿ, ಕೆ. ಕೊನೇ ಅಕ್ಷರವನ್ನ ತಾತನ ತಲೆ ಮುಚ್ಚಿದೆ.

ಡಿಕೆ. ಕೆಎಫ್ ಅಲ್ಲ.

ಹೆಜ್ಜೆ ಹೆಜ್ಜೆಯಾಗಿ ನೋಡಿ. ಡಿಸೆಂಬರ್ 2007, ಅಂದ್ರೆ ಡೆಕ್ಕನ್ ಕೆಂಪಾಗಿ ಎರಡು ತಿಂಗಳು ಆಗಿತ್ತು. ಎರಡು ಕಂಪನಿಗಳು ಕಾಗದದಲ್ಲಿ ಇನ್ನೂ ಒಂದಾಗಿರ್ಲಿಲ್ಲ, ಅದು ಆಗಿದ್ದು 2008ರಲ್ಲಿ. ಡಿಕೆ ಅಕ್ಷರದ ವಿಮಾನ ಡೆಕ್ಕನ್ನಿನದು. ಮುಂದೆ "ಡೆಕ್ಕನ್" ಅಂತ ಬರೆದ ಭಾಗ ಫೋಟೋದಲ್ಲಿ ಬಂದಿಲ್ಲ, ಬಾಲ ಮಾತ್ರ ಬಂದಿದೆ. ಜೊತೆಗೆ ತಾತ ಯಾವಾಗ್ಲೂ ಹೇಳೋ ಇನ್ನೊಂದು ಮಾತು: "ತಿಂಡಿಗೆ ದುಡ್ಡು ಕೇಳಿದ್ರು ಕಣವ್ವ, ನಾನು ಮನೆಯಿಂದ ತಂದಿದ್ದ ರೊಟ್ಟಿ ತಿಂದೆ. ಟೀವಿ ಗೀವಿ ಏನೂ ಇರ್ಲಿಲ್ಲ." ಕಿಂಗ್‌ಫಿಷರ್ ಆಗಿದ್ರೆ ಬಿಸಿ ಊಟ ಬರ್ತಿತ್ತು, ಎದುರಿಗೆ ಟೀವಿ ಇರ್ತಿತ್ತು. ಇಷ್ಟು ವರ್ಷ ಆ ಮಾತನ್ನ ನಾವು ತಮಾಷೆ ಅಂತ ಕೇಳಿಸ್ಕೊಂಡಿದ್ವಿ. ಅದು ಸಾಕ್ಷಿ ಆಗಿತ್ತು.

ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. ಕೆಎ-16 ಬಸ್ಸಿನ ಉದಾಹರಣೆ ಕೊಟ್ಟಮೇಲೆ ಅಪ್ಪನಿಗೂ ಅರ್ಥ ಆಯ್ತು. ಮುಂಬೈನಿಂದ ಚಿಕ್ಕಪ್ಪ ಫೋನ್‌ನಲ್ಲಿ, "ಹೌದಲ್ವಾ, ಮುಂದೆ ಡೆಕ್ಕನ್ ಅಂತಾನೇ ಇತ್ತು, ನಾನೇ ಮರ್ತಿದ್ದೆ" ಅಂದ್ರು. ಮರೆತಿದ್ದು ಚಿಕ್ಕಪ್ಪ!

ತಾತ ಎಲ್ಲಾ ಕೇಳಿಸ್ಕೊಂಡು ಮಜ್ಜಿಗೆ ಕುಡಿದು ಇಷ್ಟೇ ಹೇಳಿದ್ರು: "ನಾನು ಹೇಳ್ಲಿಲ್ವೇನವ್ವ."

ಅವರು ಈಗಲೂ ಔಷಧಿ ಮರೀತಾರೆ. ಮುಂದೆ ಇನ್ನೂ ಎಷ್ಟೋ ಮರೀಬಹುದು. ಆದ್ರೆ "ಹ್ಞೂಂ ಹ್ಞೂಂ" ಅನ್ನೋಕೆ ಮುಂಚೆ ನಾವು ಒಂದ್ಸಲ ಸರಿಯಾಗಿ ಕೇಳಿಸ್ಕೊಳ್ತೀವಿ ಅಂತ ಮನೆಯಲ್ಲಿ ಮಾತಾಗಿದೆ.

ನಿಮ್ಮ ಮನೆಯಲ್ಲೂ ಹಳೇ ವಿಮಾನದ ಫೋಟೋ ಇದ್ರೆ ಬಾಲದ ಹತ್ತಿರದ ಅಕ್ಷರ ನೋಡಿ, ಕಾಮೆಂಟ್‌ನಲ್ಲಿ ಬರೀರಿ. ಸೇರಿ ಹುಡುಕೋಣ. ಅದಕ್ಕೂ ಮೊದಲು, ಆ ಫೋಟೋದಲ್ಲಿ ಇರೋರು ಮನೆಯಲ್ಲಿದ್ರೆ ಅವರನ್ನೇ ಕೇಳಿ 🙏

#ಶ್ರೀರಾಂಪುರ #ಹೊಸದುರ್ಗ #ಚಿತ್ರದುರ್ಗ #ಏರ್‌ಡೆಕ್ಕನ್ #ವಿಮಾನಕಥೆ #ತಾತನಫೋಟೋ #ಬಿಕಾಂಹುಡುಗಿ